ಕಾಣುವ ಬೊಂಬೆಗೆ ಕಾಣದ ಸೂಜಿ

ಬೊಂಬೆಗೆ ಉಡುಪು ತೊಡಿಸಿ ಕಣ್ತುಂಬ ನೋಡುವ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ನವರಾತ್ರಿ ಬಂದಿತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಪಟ್ಟದ ಬೊಂಬೆಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ರಾಜನಿಗೆ ಹೊಸ ಪೇಟ, ರಾಣಿಗೆ ಜರಿಯಂಚಿನ ಹೊಸ ಸೀರೆ ಸಿದ್ಧವಾಗುತ್ತವೆ. ಮರದ ಬೊಂಬೆಯನ್ನು ಸಿಂಗರಿಸಲು ಒಂದು ಗೇಣು ರೇಶ್ಮೆ, ಒಂದು ಸೂಜಿ, ಒಂದೆಳೆ ದಾರ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ಆದರೆ ಗಣಕಯಂತ್ರದ ತೆರೆಯ ಮೇಲೆ ನಿಂತಿರುವ, ಮುಟ್ಟಹೋದರೆ ಗಾಜು ಮಾತ್ರ ಬೆರಳಿಗೆ ತಾಕುವ ಬೊಂಬೆಗೆ ಉಡುಪು ಹೊಲಿಯುವ ಬಗೆ ಹೇಗೆ? ಅದಕ್ಕೆ ತಕ್ಕ ಸೂಜಿ ಎಲ್ಲಿ ದೊರೆಯುತ್ತದೆ? ಹತ್ತು ಬಗೆಯ ಸೂಜಿಗಳು ಎದುರಿಗಿದ್ದಾಗ ಆರಿಸಿಕೊಳ್ಳಬೇಕಾದುದು ಯಾವುದನ್ನು?

ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಪುಸ್ತಕಗಳ ಮುಖಪುಟ, ಕಥೆಗಳ ಚಿತ್ರ, ಜಾಹೀರಾತು, ಗಣಕದ ಆಟ, ಅನಿಮೇಷನ್ ಚಲನಚಿತ್ರ ಇವೆಲ್ಲಕ್ಕೂ ಇಂದು ಡಿಜಿಟಲ್ ಬೊಂಬೆಗಳು ಬೇಕು. ಬೊಂಬೆ ಇದ್ದ ಮೇಲೆ ಅದಕ್ಕೆ ಅಂಗಿ, ಲಂಗ, ಪಾದರಕ್ಷೆ ಬೇಕು. ಕೈಯಲ್ಲಿ ಹಿಡಿಯಲು ಕೊಡೆಯೋ ಕತ್ತಿಯೋ ಬೇಕು. ಕುಳಿತುಕೊಳ್ಳಲು ಕುರ್ಚಿ, ಪಕ್ಕದಲ್ಲಿಡಲು ತಂಬಿಗೆ ಬೇಕು. ನಾಟಕದವರು ರಂಗಪರಿಕರಗಳೆಂದು ಕರೆಯುವ ಈ ಸಾಮಗ್ರಿಗಳನ್ನೂ ಉಡುಪುಗಳನ್ನೂ ಮನೆಯಲ್ಲಿಯೇ ಕುಳಿತು ತಯಾರಿಸಿ, ಜಗತ್ತಿನ ಯಾವ ಮೂಲೆಯವರಿಗಾದರೂ ಮಾರುವ ಒಂದು ವೃತ್ತಿಯೇ ಈಗ ಬೆಳೆದು ನಿಂತಿದೆ. ಕಾಲೇಜಿನಲ್ಲಿ ಓದುತ್ತಿರುವ ಮಗನೋ, ಹೊಲಿಗೆ ಬಲ್ಲ ಸೊಸೆಯೋ ಈ ದಾರಿ ಹಿಡಿಯಬೇಕೆಂದು ಬಯಸುವ ಕುಟುಂಬಗಳು ಇಲ್ಲದಿಲ್ಲ. ಆಗ ಮೊದಲು ಎದುರಾಗುವುದು ಸಾಧನದ ಆಯ್ಕೆ. ಹೊಲಿಗೆಯಂತ್ರವನ್ನು ಕೊಳ್ಳುವಾಗ ಮನೆಯವರೆಲ್ಲ ಕೂಡಿ ಯೋಚಿಸುವ ನಾವು, ಇಲ್ಲಿ ಇನ್ನೂ ಹೆಚ್ಚು ಯೋಚಿಸಬೇಕಾಗುತ್ತದೆ. ಏಕೆಂದರೆ ಹೊಲಿಗೆಯಂತ್ರ ಕೆಟ್ಟರೆ ನಷ್ಟವಾಗುವುದು ಹಣ ಮಾತ್ರ. ತಪ್ಪು ತಂತ್ರಾಂಶವನ್ನು ಹಿಡಿದರೆ ಕಳೆದುಹೋಗುವುದು ಎರಡು ಮೂರು ವರ್ಷಗಳ ಕಲಿಕೆ.

ಮರದ ಬೊಂಬೆಯಿಂದ ತೆರೆಯ ಬೊಂಬೆಗೆ

ಚಿತ್ರಕಾರರು ಮನುಷ್ಯದೇಹದ ಭಂಗಿಗಳನ್ನು ಅಭ್ಯಾಸಮಾಡಲು ಕೀಲುಗಳುಳ್ಳ ಒಂದು ಚಿಕ್ಕ ಮರದ ಬೊಂಬೆಯನ್ನು ಮೇಜಿನ ಮೇಲಿಟ್ಟುಕೊಳ್ಳುವುದುಂಟು. ಆ ಬೊಂಬೆಯ ಕೆಲಸವನ್ನು ಗಣಕಯಂತ್ರಕ್ಕೇ ವಹಿಸಬಾರದೇಕೆ ಎಂದು ಯೋಚಿಸಿದವನು ಅಮೆರಿಕದ ಲ್ಯಾರಿ ವೈನ್‌ಬರ್ಗ್. ಅವನು ರಚಿಸಿದ 'ಪೋಸರ್' ಎಂಬ ತಂತ್ರಾಂಶವನ್ನು 1995ರಲ್ಲಿ ಫ್ರ್ಯಾಕ್ಟಲ್ ಡಿಸೈನ್ ಎಂಬ ಸಂಸ್ಥೆ ಹೊರತಂದಿತು. ಬೊಂಬೆಯ ಕೈ ಎತ್ತಬೇಕೆ? ಎಳೆದರೆ ಎದ್ದಿತು. ತಲೆ ಬಾಗಿಸಬೇಕೆ? ಒತ್ತಿದರೆ ಬಾಗಿತು. ಮೊದಮೊದಲು ಇದು ಚಿತ್ರಕಾರನಿಗೆ ನೆರವಾಗುವ ಉಪಕರಣ ಮಾತ್ರವಾಗಿತ್ತು. ಬರಬರುತ್ತ ಆ ಬೊಂಬೆಯನ್ನೇ ಚಿತ್ರದ ನಾಯಕನನ್ನಾಗಿ ಮಾಡುವ ಉತ್ಸಾಹ ಬಳಕೆದಾರರಲ್ಲಿ ಹುಟ್ಟಿತು.

1999ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಒಂದು ಮುಖ್ಯ ಸೌಲಭ್ಯ ಸೇರಿತು. ಬೊಂಬೆಯ ಮೈಗೆ ಹೊಂದಿಕೊಂಡು, ಅದು ಬಾಗಿದಂತೆ ತಾನೂ ಬಾಗುವ ಉಡುಪನ್ನು ಪ್ರತ್ಯೇಕವಾಗಿ ತಯಾರಿಸಿ ತೊಡಿಸಬಹುದಾಯಿತು. ಅಲ್ಲಿಗೆ ಬೊಂಬೆ ಮಾಡುವವನು ಬೇರೆ, ಬಟ್ಟೆ ಹೊಲಿಯುವವನು ಬೇರೆ ಆಗುವುದಕ್ಕೆ ದಾರಿ ತೆರೆಯಿತು. 2000ದಲ್ಲಿ ಅಮೆರಿಕದ ಯೂಟಾ ಪ್ರಾಂತದ ಸಾಲ್ಟ್ ಲೇಕ್ ಸಿಟಿಯ ಕಡೆಯಿಂದ 'ಡ್ಯಾಜ್' ಎಂಬ ಸಂಸ್ಥೆ ಹೊರಟಿತು. ಅದರ 'ವಿಕ್ಟೋರಿಯಾ' ಎಂಬ ಸ್ತ್ರೀಬೊಂಬೆ ಈ ವಲಯದಲ್ಲಿ ಮನೆಮಾತಾಯಿತು. ಮುಂದೆ ಅದೇ ಸಂಸ್ಥೆ 'ಡ್ಯಾಜ್ ಸ್ಟುಡಿಯೋ' ಎಂಬ ತನ್ನದೇ ತಂತ್ರಾಂಶವನ್ನು ಹಣವಿಲ್ಲದೆ ಹಂಚಿ, ಬೊಂಬೆಗಳನ್ನೂ ಉಡುಪುಗಳನ್ನೂ ಮಾರಿ ಆದಾಯ ಪಡೆಯುವ ಹಾದಿಯನ್ನು ಹಿಡಿಯಿತು. 2011ರಲ್ಲಿ ಬಂದ 'ಜೆನೆಸಿಸ್' ಎಂಬ ಬೊಂಬೆ ಒಂದೇ ಮೂಲದಿಂದ ಗಂಡು, ಹೆಣ್ಣು, ಮಗು, ದೈತ್ಯ ಎಲ್ಲವೂ ಆಗಬಲ್ಲದಾಗಿತ್ತು. ಅದೇ ಸಾಲಿನ 'ಜೆನೆಸಿಸ್ 9' 2022ರಲ್ಲಿ ಬಂದಿತು.

ಇಲ್ಲಿ ಹೊಸಬರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಪೋಸರ್ ಆಗಲಿ ಡ್ಯಾಜ್ ಸ್ಟುಡಿಯೋ ಆಗಲಿ ಮುಖ್ಯವಾಗಿ ಬೊಂಬೆಯನ್ನು ನಿಲ್ಲಿಸಿ, ಬೆಳಕು ಬಿಟ್ಟು, ಚಿತ್ರ ತೆಗೆಯುವ ಮಂಟಪಗಳು. ಹೊಸ ಅಂಗಿಯನ್ನು ಕತ್ತರಿಸಿ ಹೊಲಿಯುವ ಕೆಲಸ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇರೆಯೇ ಒಂದು ಕಾರ್ಯಾಗಾರ ಬೇಕು. ಮಾಡೆಲಿಂಗ್ ತಂತ್ರಾಂಶ ಎಂಬ ಹೆಸರು ಆ ಕಾರ್ಯಾಗಾರದ್ದು.

ಜಾಲರಿಯ ಬಟ್ಟೆ

ಆಯ್ಕೆಯ ಮಾತಿಗೆ ಮುನ್ನ ಈ ಬಟ್ಟೆ ಎಂಥದು ಎಂಬುದನ್ನು ಅರಿಯುವುದು ಯುಕ್ತ. ಗಣಕಯಂತ್ರದೊಳಗಿನ ಯಾವ ವಸ್ತುವೂ ಒಂದು ಜಾಲರಿ. ಆಕಾಶದಲ್ಲಿ ಸಾವಿರಾರು ಬಿಂದುಗಳು. ಬಿಂದುವಿನಿಂದ ಬಿಂದುವಿಗೆ ಗೆರೆ. ನಾಲ್ಕು ಗೆರೆಗಳ ನಡುವೆ ಒಂದು ಚೌಕ. ಮೀನು ಹಿಡಿಯುವ ಬಲೆಯನ್ನು ಮನುಷ್ಯನ ಮೈಗೆ ಹೊದಿಸಿದರೆ ಹೇಗೋ ಹಾಗೆ. ಮೂರು ಮೂಲೆಯ ತುಂಡುಗಳಿಂದಲೂ ಜಾಲರಿ ಕಟ್ಟಬಹುದು. ಆದರೆ ಮೈಯೊಡನೆ ಬಾಗಬೇಕಾದ ಉಡುಪಿಗೆ ಚೌಕಗಳೇ ಮೇಲು. ಚೌಕಗಳು ಸಾಲಾಗಿ ಮೊಣಕೈಯನ್ನು ಬಳೆಯಂತೆ ಸುತ್ತಿದ್ದರೆ ತೋಳು ಮಡಿಸಿದಾಗ ಬಟ್ಟೆ ಅಂದವಾಗಿ ಮಡಿಯುತ್ತದೆ. ಸಾಲು ಅಡ್ಡಾದಿಡ್ಡಿಯಾಗಿದ್ದರೆ ಹಿಸುಕಿದ ಕಾಗದದಂತೆ ಸೊಟ್ಟಗಾಗುತ್ತದೆ. ದರ್ಜಿ ಬಟ್ಟೆಯ ಎಳೆಯ ದಿಕ್ಕನ್ನು ನೋಡಿ ಕತ್ತರಿ ಹಾಕುವನಲ್ಲವೆ? ಇಲ್ಲಿಯೂ ಹಾಗೆಯೇ ಚೌಕಗಳ ದಿಕ್ಕನ್ನು ನೋಡಬೇಕು.

1978ರಲ್ಲಿ ಎಡ್ವಿನ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ ಎಂಬ ವಿದ್ವಾಂಸರು ಒಂದು ಉಪಾಯವನ್ನು ಪ್ರಕಟಿಸಿದರು. ಒರಟಾದ ಜಾಲರಿಯ ಪ್ರತಿಯೊಂದು ಚೌಕವನ್ನೂ ನಾಲ್ಕಾಗಿ ಒಡೆದು, ಬಿಂದುಗಳನ್ನು ನೆರೆಯ ಬಿಂದುಗಳ ಸರಾಸರಿಯತ್ತ ಸರಿಸುತ್ತ ಹೋದರೆ ಮೂಲೆಗಳೆಲ್ಲ ಕರಗಿ ನುಣುಪಾದ ಮೈ ಮೂಡುತ್ತದೆ. ಆದುದರಿಂದ ಕುಶಲಿಯಾದವನು ಕಡಮೆ ಚೌಕಗಳಲ್ಲಿ ಕೆಲಸಮಾಡಿ, ನುಣುಪನ್ನು ಯಂತ್ರಕ್ಕೆ ಬಿಡುತ್ತಾನೆ. ಇಂದು ಹೆಸರುವಾಸಿಯಾದ ಮಾಡೆಲಿಂಗ್ ತಂತ್ರಾಂಶಗಳಲ್ಲಿ ಈ ಉಪಾಯ ಸಾಮಾನ್ಯವಾಗಿದೆ.

ಉಡುಪು ಸಿದ್ಧವಾದ ಮೇಲೆ ಅದರ ಹೊಲಿಗೆಗಳನ್ನು ಬಿಚ್ಚಿ ನೆಲದ ಮೇಲೆ ಹಾಸಿದಂತೆ ಜಾಲರಿಯನ್ನು ಚಪ್ಪಟೆಯಾಗಿ ಹರಡುತ್ತಾರೆ. ಹೂವಿನ ಚಿತ್ತಾರ, ನೇಯ್ಗೆಯ ಎಳೆ, ಅಂಚು ಎಲ್ಲವನ್ನೂ ಬಿಡಿಸುವುದು ಈ ಹಾಸಿನ ಮೇಲೆ. ಕೊನೆಗೆ ಬರುವುದು ಮೂಳೆಯ ಲೆಕ್ಕ. ಬೊಂಬೆಯೊಳಗೆ ಎಲುಬುಗಳ ಒಂದು ಗೂಡಿದೆ. ಉಡುಪಿನ ಪ್ರತಿಯೊಂದು ಬಿಂದುವೂ ಯಾವ ಎಲುಬಿನ ಮಾತನ್ನು ಎಷ್ಟು ಪಾಲು ಕೇಳಬೇಕೆಂದು ಗೊತ್ತುಮಾಡಬೇಕು. ಮೊಣಕೈಯ ಬಳಿಯ ಬಿಂದು ಮೇಲ್ತೋಳಿನ ಮಾತನ್ನು ಅರ್ಧ, ಮುಂದೋಳಿನ ಮಾತನ್ನು ಅರ್ಧ ಕೇಳುತ್ತದೆ. ಅತ್ತೆ ಮಾವಂದಿರ ನಡುವಣ ಹೊಸ ಸೊಸೆಯ ಹಾಗೆ! ಬೊಂಬೆಯ ಮೈಯಲ್ಲಿ ಮೊದಲೇ ಇರುವ ಈ ಪಾಲುಪಟ್ಟಿಯನ್ನು ಉಡುಪಿಗೆ ನಕಲು ಮಾಡುವ ಅನುಕೂಲ ಡ್ಯಾಜ್ ಸ್ಟುಡಿಯೋ, ಪೋಸರ್, ಬ್ಲೆಂಡರ್ ಮೂರರಲ್ಲಿಯೂ ಉಂಟು.

ತಳವಿಲ್ಲದ ಚಹಾಪಾತ್ರೆ

ಪರಿಕರಗಳ ಮಾತಿಗೆ ಬಂದರೆ, ಗಣಕಯಂತ್ರದೊಳಗೆ ರಚಿತವಾದ ಪರಿಕರಗಳಲ್ಲೆಲ್ಲ ಜಗದ್ವಿಖ್ಯಾತವಾದುದು ಒಂದು ಚಹಾಪಾತ್ರೆ. 1975ರಲ್ಲಿ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕನಾಗಿದ್ದ ಮಾರ್ಟಿನ್ ನ್ಯೂವೆಲ್‌ನಿಗೆ ಪ್ರಯೋಗಕ್ಕೆಂದು ಒಂದು ವಸ್ತು ಬೇಕಾಗಿತ್ತು. ಮನೆಯಲ್ಲಿರುವ ಚಹಾ ಸಲಕರಣೆಯನ್ನೇ ಏಕೆ ಬಳಸಬಾರದೆಂದು ಸೂಚಿಸಿದವಳು ಅವನ ಹೆಂಡತಿ ಸ್ಯಾಂಡ್ರಾ. ಅವನು ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಿಂದ ಪಾತ್ರೆಯ ರೇಖೆಗಳನ್ನು ಬರೆದು, ಬಿಂದುಗಳ ಅಳತೆಯನ್ನು ಯಂತ್ರಕ್ಕೆ ಉಣಿಸಿದನು. ಅಂದಿನಿಂದ ಎಷ್ಟು ಸಂಶೋಧಕರು ಆ ಪಾತ್ರೆಯ ಮೇಲೆ ತಮ್ಮ ಬಣ್ಣ ಬೆಳಕುಗಳನ್ನು ಪರೀಕ್ಷಿಸಿದರೋ ಲೆಕ್ಕವಿಲ್ಲ. ಮೂಲಪಾತ್ರೆ ಈಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿದೆ. ಸ್ವಾರಸ್ಯವೆಂದರೆ ನ್ಯೂವೆಲ್‌ನ ಮೊದಲ ಲೆಕ್ಕದಲ್ಲಿ ಆ ಪಾತ್ರೆಗೆ ತಳವೇ ಇರಲಿಲ್ಲ! ಮುಚ್ಚಳ, ಹಿಡಿ, ಕೊಕ್ಕೆ ಎಲ್ಲವೂ ಇದ್ದವು. ಮೇಜಿನ ಮೇಲೆ ಕುಳಿತ ಪಾತ್ರೆಯ ತಳವನ್ನು ಯಾರು ನೋಡುತ್ತಾರೆ?

ಆದರೆ ಪರಿಕರಗಳನ್ನು ಮಾರುವವನು ಹಾಗೆಂದುಕೊಳ್ಳುವಂತಿಲ್ಲ. ಕೊಂಡವನು ತಂಬಿಗೆಯನ್ನು ಬೊಂಬೆಯ ಕೈಯಲ್ಲಿ ತಲೆಕೆಳಗಾಗಿ ಹಿಡಿಸಬಹುದು. ತಂಬಿಗೆ, ಕಂಬ, ದೀಪಸ್ತಂಭಗಳಂಥ ದುಂಡನೆಯ ವಸ್ತುಗಳನ್ನು ಮಾಡುವುದು ಸುಲಭ. ಪಕ್ಕದ ನೋಟದ ಅರ್ಧ ರೇಖೆಯನ್ನು ಬರೆದು ಅದನ್ನು ಅಚ್ಚಿನ ಸುತ್ತ ತಿರುಗಿಸಿದರೆ ಆಕೃತಿ ಏಳುತ್ತದೆ. ಕುಂಬಾರನ ತಿಗರಿಯೂ ಚನ್ನಪಟ್ಟಣದ ಬೊಂಬೆ ಕಡೆಯುವವರ ಲೇತೂ ಮಾಡುವ ಕೆಲಸವೇ ಇದು. ಆದರೆ ಪರಿಕರದಲ್ಲಿ ಮರೆಯಬಾರದ ಎರಡು ಅಂಶಗಳಿವೆ. ಒಂದು, ಅಳತೆ. ಡ್ಯಾಜ್ ಸ್ಟುಡಿಯೋದಲ್ಲಿ ಒಂದು ಮಾನವೆಂದರೆ ಒಂದು ಸೆಂಟಿಮೀಟರು. ಬೇರೊಂದು ತಂತ್ರಾಂಶದಲ್ಲಿ ಒಂದು ಮೀಟರು. ಲೆಕ್ಕ ತಪ್ಪಿದರೆ ಬೊಂಬೆಯ ಕೈಗಿತ್ತ ಕೊಡೆ ದೇವಸ್ಥಾನದ ಗೋಪುರದಷ್ಟಾಗುತ್ತದೆ, ಇಲ್ಲವೆ ಸಾಸಿವೆಯಷ್ಟಾಗುತ್ತದೆ. ಇನ್ನೊಂದು, ತಿರುಗುವ ಕೇಂದ್ರ. ಬಾಗಿಲಿನ ಕೇಂದ್ರ ತಿರುಗಣಿಯಲ್ಲಿರಬೇಕು. ಕತ್ತಿಯ ಕೇಂದ್ರ ಹಿಡಿಯಲ್ಲಿರಬೇಕು.

ಗಾಳಿಗೆ ಅಲುಗುವ ಬಟ್ಟೆ

ಮೈಗೆ ಅಂಟಿದ ಅಂಗಿಗೆ ಎಲುಬಿನ ಲೆಕ್ಕ ಸಾಕು. ಆದರೆ ಅಗಲವಾದ ಲಂಗ, ಉತ್ತರೀಯ, ಸೆರಗು? ಅವು ತಮ್ಮ ಭಾರಕ್ಕೆ ತಾವೇ ಬಿದ್ದು ನೆರಿಗೆಯಾಗಬೇಕು. ಇದಕ್ಕಾಗಿ ಬಟ್ಟೆಯ ಪ್ರತಿಯೊಂದು ಬಿಂದುವನ್ನೂ ಒಂದು ಪುಟ್ಟ ತೂಕವೆಂದೂ ನಡುವಣ ಗೆರೆಯನ್ನು ಒಂದು ಸುರುಳಿಕಂಬಿಯೆಂದೂ ಭಾವಿಸಿ, ಭೂಮಿಯ ಸೆಳೆತ, ಗಾಳಿ, ಮೈಯ ತಡೆ ಇವುಗಳ ಲೆಕ್ಕವನ್ನು ಕ್ಷಣಕ್ಷಣಕ್ಕೂ ಮಾಡಬೇಕು. 1997ರಲ್ಲಿ ಪಿಕ್ಸಾರ್ ಸಂಸ್ಥೆಯವರು 'ಗೆರೀಸ್ ಗೇಮ್' ಎಂಬ ಕಿರುಚಿತ್ರವನ್ನು ತಯಾರಿಸಿದರು. ಉದ್ಯಾನದಲ್ಲಿ ಕುಳಿತು ತನ್ನೊಡನೆ ತಾನೇ ಚದುರಂಗವಾಡುವ ಒಬ್ಬ ಮುದುಕನ ಕಥೆಯದು. ಪ್ರೇಕ್ಷಕರು ಮುದುಕನ ಮುಖವನ್ನು ನೋಡಿ ನಕ್ಕರು; ಕುಶಲಿಗಳು ಅವನ ಕೋಟಿನ ಮಡಿಕೆಗಳನ್ನು ನೋಡಿ ಬೆರಗಾದರು. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ಮರುವರ್ಷ, 1998ರಲ್ಲಿ, ಡೇವಿಡ್ ಬ್ಯಾರಫ್ ಮತ್ತು ಆಂಡ್ರ್ಯೂ ವಿಟ್ಕಿನ್ ಎಂಬುವರು ಈ ಲೆಕ್ಕವನ್ನು ಬಹಳ ವೇಗವಾಗಿ ಮಾಡುವ ಒಂದು ವಿಧಾನವನ್ನು ಪ್ರಕಟಿಸಿದರು. ಅಂದು ದೊಡ್ಡ ಚಿತ್ರಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ವಿದ್ಯೆ 2002ರಲ್ಲಿ ಪೋಸರಿನ ಐದನೆಯ ಆವೃತ್ತಿಗೂ 2017ರಲ್ಲಿ ಡ್ಯಾಜ್ ಸ್ಟುಡಿಯೋಕ್ಕೂ ಇಳಿದುಬಂದು ಸಾಮಾನ್ಯರ ಮನೆಯ ಯಂತ್ರವನ್ನು ಸೇರಿತು.

ಸೂಜಿಗಳ ಸಂತೆ

ಈಗ ಆಯ್ಕೆಗೆ ಬರಬಹುದು. ಸಂತೆಯಲ್ಲಿರುವ ಸಾಧನಗಳು ಅನೇಕ. ಅವುಗಳಲ್ಲಿ ಮುಖ್ಯವಾದವುಗಳ ಸ್ವಭಾವ ಹೀಗಿದೆ.

'ಮಾಯಾ' ಮತ್ತು 'ತ್ರೀಡಿಎಸ್ ಮ್ಯಾಕ್ಸ್' ಎರಡೂ ಆಟೋಡೆಸ್ಕ್ ಸಂಸ್ಥೆಯವು. ದೊಡ್ಡ ಚಿತ್ರಶಾಲೆಗಳಲ್ಲಿ ಇವುಗಳ ಬಳಕೆ ಹೆಚ್ಚು. ಅಂಥ ಕಡೆ ನೌಕರಿ ಬಯಸುವವನು ಇವುಗಳಲ್ಲೊಂದನ್ನು ಕಲಿಯುವುದು ಒಳಿತು. ಆದರೆ 2016ರಿಂದ ಈ ಸಂಸ್ಥೆ ತಂತ್ರಾಂಶವನ್ನು ಒಮ್ಮೆಗೇ ಮಾರುವುದನ್ನು ಬಿಟ್ಟು ಬಾಡಿಗೆಯ ಪದ್ಧತಿಗೆ ತಿರುಗಿದೆ. ಬಾಡಿಗೆ ನಿಂತ ದಿನ ಕೆಲಸವೂ ನಿಂತಂತೆ. ಮನೆಯಲ್ಲಿ ಕುಳಿತು ತಿಂಗಳಿಗೆ ಎರಡು ಲಂಗ ಹೊಲಿಯುವವನಿಗೆ ಇದು ಕುದುರೆಗಿಂತ ಲಗಾಮು ದುಬಾರಿ ಎಂಬಂತಾಗುತ್ತದೆ.

'ಮಾರ್ವೆಲಸ್ ಡಿಸೈನರ್' ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಹುಟ್ಟಿದ್ದು. 2009ರಲ್ಲಿ ಸ್ಥಾಪನೆಯಾದ ಕ್ಲೋ ಎಂಬ ಸಂಸ್ಥೆಯ ಈ ತಂತ್ರಾಂಶದ ರೀತಿಯೇ ಬೇರೆ. ಇಲ್ಲಿ ಬಿಂದುಗಳನ್ನು ಎಳೆಯುವುದಿಲ್ಲ. ದರ್ಜಿಯಂತೆ ಮುಂಭಾಗ, ಹಿಂಭಾಗ, ತೋಳು, ಕಾಲರುಗಳ ತುಂಡುಗಳನ್ನು ಕತ್ತರಿಸಿ, ಯಾವ ಅಂಚನ್ನು ಯಾವ ಅಂಚಿಗೆ ಹೊಲಿಯಬೇಕೆಂದು ಹೇಳಿದರೆ ಬಟ್ಟೆ ಬೊಂಬೆಯ ಮೈಮೇಲೆ ಬಿದ್ದು ನೆರಿಗೆಗೊಳ್ಳುತ್ತದೆ. ಕಂಕುಳಿನ ಸುತ್ತಳತೆ, ಎದೆಯ ಟಕ್ಕು, ತೋಳಿನ ಬಾಗು ಇವುಗಳನ್ನು ನಿಜವಾದ ಹೊಲಿಗೆಯಲ್ಲಿ ಬಲ್ಲ ಗೃಹಿಣಿಗೆ ಈ ತಂತ್ರಾಂಶ ತವರುಮನೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಗಣಕಯಂತ್ರದ ಪದವೀಧರನಿಗಿಂತ ಅವಳೇ ಬೇಗ ಮುಂದೆ ಬರಬಹುದು. ಇದರ ಕೊರತೆಗಳು ಎರಡು. ಇದಕ್ಕೂ ಚಂದಾ ಕಟ್ಟಬೇಕು. ಬಟ್ಟೆಯಲ್ಲದೆ ತಂಬಿಗೆ, ಕುರ್ಚಿಗಳಿಗೆ ಇದು ಒದಗಿಬರುವುದಿಲ್ಲ.

'ಜೀಬ್ರಶ್' ಜೇಡಿಮಣ್ಣನ್ನು ತೀಡಿದಂತೆ ಆಕೃತಿ ತೀಡುವ ತಂತ್ರಾಂಶ. ಚರ್ಮದ ಸುಕ್ಕು, ಬಟ್ಟೆಯ ಮಡಿಕೆ, ಕಿರೀಟದ ಕುಸುರಿ ಇವುಗಳಿಗೆ ಅನುಪಮವಾದುದು. 2022ರಲ್ಲಿ ಇದು ಮ್ಯಾಕ್ಸನ್ ಸಂಸ್ಥೆಯ ಕೈಸೇರಿತು. ಮೊದಲ ಹೆಜ್ಜೆಗೆ ಇದು ಬೇಡ. ಮೂರನೆಯ ಹೆಜ್ಜೆಗೆ ಬೇಕಾದೀತು.

'ವಿಂಗ್ಸ್ ತ್ರೀಡಿ' 2001ರಲ್ಲಿ ಆರಂಭವಾದ ಒಂದು ಚಿಕ್ಕ ಉಚಿತ ತಂತ್ರಾಂಶ. ದೂರವಾಣಿಯ ಕೇಂದ್ರಗಳಿಗಾಗಿ ರಚಿತವಾದ ಎರ್ಲಾಂಗ್ ಎಂಬ ಯಂತ್ರಭಾಷೆಯಲ್ಲಿ ಇದನ್ನು ಬರೆದಿದ್ದಾರೆ. ಇದರಲ್ಲಿ ಬೊಂಬೆಯನ್ನು ಕುಣಿಸಲಾಗದು, ಬಟ್ಟೆಯನ್ನು ಹಾರಿಸಲಾಗದು. ಆದರೆ ಹಳೆಯ, ದುರ್ಬಲ ಯಂತ್ರದಲ್ಲಿಯೂ ಚುರುಕಾಗಿ ನಡೆಯುತ್ತದೆ. ಪರಿಕರಗಳನ್ನು ಮಾಡಲು ಬಹು ಯೋಗ್ಯ.

ಕೊನೆಯದು 'ಬ್ಲೆಂಡರ್'. ಜಾಲರಿ ಕಟ್ಟುವುದು, ತೀಡುವುದು, ಹಾಸು ಹರಡುವುದು, ಬಟ್ಟೆಯ ತುಂಡುಗಳನ್ನು ಹೊಲಿದು ಬೀಳಿಸುವುದು, ಬಣ್ಣ ಹಚ್ಚುವುದು, ಚಿತ್ರ ತೆಗೆಯುವುದು ಎಲ್ಲವೂ ಇದರಲ್ಲಿದೆ; ಬೆಲೆ ಮಾತ್ರ ಇಲ್ಲ. ಎಲ್ಲವೂ ಇರುವುದೇ ಇದರ ತೊಡಕು. ದೊಡ್ಡ ಕೂಡುಕುಟುಂಬದ ಅಡಿಗೆಮನೆಯನ್ನು ಮೊದಲ ದಿನ ಹೊಕ್ಕವರಿಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದಿರುವಂತೆ ಇಲ್ಲಿಯೂ ಕೆಲವು ವಾರ ತಡಕಾಡಬೇಕು. 2019ರ ಜುಲೈಯಲ್ಲಿ ಬಂದ 2.8ನೆಯ ಆವೃತ್ತಿಯಿಂದೀಚೆಗೆ ಈ ಕಷ್ಟ ಬಹುಮಟ್ಟಿಗೆ ಕಡಮೆಯಾಗಿದೆ.

ಅಳಿದ ಸಾಧನ, ಉಳಿದ ಸಾಧನ

ಬೆಲೆ, ಸೌಲಭ್ಯಗಳಿಗಿಂತ ಮಿಗಿಲಾಗಿ ಯೋಚಿಸಬೇಕಾದ ಒಂದು ಅಂಶವುಂಟು. ಅದು ಸಾಧನದ ಆಯುಸ್ಸು. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಡೈನೋಸಾರುಗಳಿಗೆ ನಡೆ ಕಲಿಸಿದ 'ಸಾಫ್ಟ್‌ಇಮೇಜ್' ಒಂದು ಕಾಲಕ್ಕೆ ಈ ಕ್ಷೇತ್ರದ ಚಕ್ರವರ್ತಿಯಾಗಿತ್ತು. 2008ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು; 2014ರಲ್ಲಿ ಇನ್ನು ಬೆಳೆಸುವುದಿಲ್ಲವೆಂದು ಸಾರಿತು. ಜಾಲರಿ ಕಟ್ಟುವವರ ಅಚ್ಚುಮೆಚ್ಚಾಗಿದ್ದ 'ಮೋಡೋ' 2004ರಲ್ಲಿ ಹುಟ್ಟಿತು. ಅದನ್ನೂ ಬೆಳೆಸುವುದಿಲ್ಲವೆಂದು ಅದರ ಒಡೆಯರಾದ ಫೌಂಡ್ರಿ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದರು. ಪೋಸರ್ ಅಳಿಯಲಿಲ್ಲ, ಆದರೆ ಹುಟ್ಟಿದಂದಿನಿಂದ ಒಡೆಯನ ಮೇಲೆ ಒಡೆಯನನ್ನು ಕಂಡಿತು. 2007ರಲ್ಲಿ ಸ್ಮಿತ್ ಮೈಕ್ರೋ, 2019ರಲ್ಲಿ ಬಾಂಡ್‌ವೇರ್ ಹೀಗೆ ಕೈಯಿಂದ ಕೈಗೆ ಸಾಗಿ ಬಂದಿತು. ತಂತ್ರಾಂಶ ನಿಂತಿತೆಂಬ ಸುದ್ದಿ ಪತ್ರಿಕೆಯಲ್ಲಿ ಒಂದು ಸಾಲು. ಅದನ್ನೇ ನಂಬಿ ಹತ್ತು ವರ್ಷ ಕೈ ಪಳಗಿಸಿಕೊಂಡವನಿಗೆ ಅದು ಅನ್ನದ ಪ್ರಶ್ನೆ.

ಬ್ಲೆಂಡರಿಗೂ ಒಮ್ಮೆ ಇಂಥ ಗಂಡಾಂತರ ಬಂದಿತ್ತು. ನೆದರ್ಲೆಂಡ್ಸಿನ ಟಾನ್ ರೋಸೆಂಡಾಲ್ 1994ರಲ್ಲಿ ತನ್ನ ಚಿತ್ರಶಾಲೆಯ ಉಪಯೋಗಕ್ಕೆಂದು ಇದನ್ನು ರಚಿಸಲಾರಂಭಿಸಿದನು. 1998ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದನು. ಬಂಡವಾಳ ಹೂಡಿದವರಿಗೆ ಲಾಭ ಕಾಣಲಿಲ್ಲ. 2002ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ತಂತ್ರಾಂಶದ ಒಡೆತನ ಸಾಲಗಾರರ ಪೆಟ್ಟಿಗೆಯಲ್ಲಿ ಬಿದ್ದ ಒಡವೆಯಂತಾಯಿತು. ರೋಸೆಂಡಾಲ್ ಎದೆಗುಂದಲಿಲ್ಲ. ಒಂದು ಲಕ್ಷ ಯೂರೋ ತೆತ್ತರೆ ಮೂಲಬರಹವನ್ನು ಬಿಟ್ಟುಕೊಡುವುದಾಗಿ ಬಂಡವಾಳದವರನ್ನು ಒಪ್ಪಿಸಿ, ಆ ಹಣಕ್ಕಾಗಿ ಬಳಕೆದಾರರ ಮುಂದೆ ಕೈಯೊಡ್ಡಿದನು. ದೇಶದೇಶಗಳ ಜನ ತಮ್ಮ ಕೈಲಾದಷ್ಟನ್ನು ಕಳಿಸಿದರು. ಏಳು ವಾರಗಳಲ್ಲಿ ಹಣ ಕೂಡಿತು! 2002ರ ಅಕ್ಟೋಬರ್ 13ರಂದು ಬ್ಲೆಂಡರಿನ ಮೂಲಬರಹ ಸಮಸ್ತರಿಗೂ ಮುಕ್ತವಾಯಿತು. ಊರಿನ ಕೆರೆಯನ್ನು ಊರವರೇ ಕೂಡಿ ಉಳಿಸಿಕೊಂಡ ಹಾಗೆ. ಇಂದು ಯಾವ ಒಬ್ಬ ಧನಿಕನೂ ಅದನ್ನು ಕೊಂಡು ಬೀಗ ಹಾಕುವಂತಿಲ್ಲ. ಲಾಟ್ವಿಯ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಇದೇ ಉಚಿತ ಸಾಧನದಿಂದ ರಚಿಸಿದ 'ಫ್ಲೋ' ಎಂಬ ಚಿತ್ರ, ಒಂದೂ ಮಾತಿಲ್ಲದ ಒಂದು ಬೆಕ್ಕಿನ ಕಥೆ, 2025ರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಚಿತ್ರಗಳನ್ನು ಹಿಂದಿಕ್ಕಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಉಚಿತವಾದುದು ಕೀಳಾದುದೆಂಬ ಭ್ರಮೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆರಿಸುವ ಬಗೆ

ಹಾಗಾದರೆ ಎಲ್ಲರೂ ಕಣ್ಣುಮುಚ್ಚಿ ಬ್ಲೆಂಡರನ್ನೇ ಹಿಡಿಯಬೇಕೆ? ಹಾಗೇನೂ ಇಲ್ಲ. ಆದರೆ ಮೊದಲ ಆರು ತಿಂಗಳು ಹಣ ಸುರಿಯದೆ ಕೈ ಪಳಗಿಸಿಕೊಳ್ಳಲು ಅದು ಅತ್ಯಂತ ಸುರಕ್ಷಿತವಾದ ಶಾಲೆ ಎಂಬುದರಲ್ಲಿ ಸಂಶಯವಿಲ್ಲ. ಆಯ್ಕೆಗೆ ಒಂದು ಸುಲಭವಾದ ಪರೀಕ್ಷೆಯೂ ಇದೆ. ಯಾವುದೇ ತಂತ್ರಾಂಶದಲ್ಲಿ ಮೂರು ವಸ್ತುಗಳನ್ನು ಮಾಡಿ ನೋಡಬೇಕು: ಒಂದು ತಂಬಿಗೆ, ಒಂದು ತೋಳುಳ್ಳ ಅಂಗಿ, ಒಂದು ಅಗಲವಾದ ಲಂಗ. ತಂಬಿಗೆ ಗಟ್ಟಿವಸ್ತುವಿನ ಪರೀಕ್ಷೆ. ಅಂಗಿ ಎಲುಬಿನ ಲೆಕ್ಕದ ಪರೀಕ್ಷೆ. ಲಂಗ ಹಾರುವ ಬಟ್ಟೆಯ ಪರೀಕ್ಷೆ. ಬೊಂಬೆಯನ್ನು ಆಚೆಯಿಂದ ತಂದು, ಉಡುಪು ಹೊಲಿದು, ಮತ್ತೆ ಬೊಂಬೆಯ ಮನೆಗೆ ಕಳಿಸುವ ಹೋಗುಬರವು ಎಲ್ಲಿ ಸಲೀಸಾಗಿ ನಡೆಯುವುದೋ ಆ ಸಾಧನವೇ ಒಳ್ಳೆಯದು. ಉಡುಪು ತೊಟ್ಟ ಬೊಂಬೆಯನ್ನು ಸೆಟೆದು ನಿಲ್ಲಿಸಿ ತೃಪ್ತಿಪಡಬಾರದು. ಕೈಗಳನ್ನು ಮೇಲೆತ್ತಿಸಬೇಕು, ಚಕ್ಕಳಮಕ್ಕಳ ಹಾಕಿ ಕೂರಿಸಬೇಕು, ಬಗ್ಗಿಸಬೇಕು. ಕಂಕುಳಿನಲ್ಲಿಯೋ ಮೊಣಕಾಲಿನಲ್ಲಿಯೋ ಬಟ್ಟೆಯನ್ನು ತೂರಿಕೊಂಡು ಮೈ ಇಣುಕಿದರೆ ಇನ್ನೂ ತಿದ್ದಬೇಕೆಂದು ಅರ್ಥ.

ಕೆಲಸವನ್ನು ಕಾಪಿಡುವ ಬಗೆಯಲ್ಲಿಯೂ ಎಚ್ಚರ ಬೇಕು. ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಬಗೆಯ ಕಡತವಿದೆ. ತಂತ್ರಾಂಶ ಅಳಿದರೆ ಕಡತವೂ ಮೂಕವಾಗುತ್ತದೆ. ಆದರೆ ವೇವ್‌ಫ್ರಂಟ್ ಎಂಬ ಸಂಸ್ಥೆ ಹಿಂದೆ ರೂಪಿಸಿದ ಓಬಿಜೆ ಎಂಬ ಕಡತದ ಬಗೆ ಬರಿಯ ಅಕ್ಷರ ಅಂಕಿಗಳಲ್ಲಿದೆ. ಬಿಂದುವಿಗೊಂದು ಸಾಲು, ಚೌಕಕ್ಕೊಂದು ಸಾಲು, ಮನುಷ್ಯನೇ ಓದಬಹುದು. ಅದನ್ನು ರಚಿಸಿದ ಸಂಸ್ಥೆ ಬೇರೊಂದರಲ್ಲಿ ವಿಲೀನವಾದರೂ ಈ ಬಗೆ ಮಾತ್ರ ಎಲ್ಲೆಲ್ಲಿಯೂ ಬಳಕೆಯಲ್ಲಿದೆ. ಮುಗಿಸಿದ ಪ್ರತಿ ಉಡುಪಿನ ಒಂದು ಪ್ರತಿಯನ್ನು ಈ ರೂಪದಲ್ಲಿ ತೆಗೆದಿಡುವವನು ಯಾವ ಒಡೆಯನಿಗೂ ಅಂಜಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ಕಾನೂನಿನದು. ಬೊಂಬೆಯ ಮೈಯ ಜಾಲರಿಯನ್ನೇ ನಕಲು ಮಾಡಿ, ಸ್ವಲ್ಪ ಉಬ್ಬಿಸಿ, ಇದೇ ಅಂಗಿ ಎನ್ನುವುದು ಸುಲಭವಾದ ದಾರಿ. ಮನೆಯ ಸಂತೋಷಕ್ಕೆ ಅದು ನಡೆದೀತು. ಆದರೆ ಆ ಜಾಲರಿಯ ಹಕ್ಕು ಬೊಂಬೆ ಮಾಡಿದವರದು. ಅದರ ತುಣುಕನ್ನು ತನ್ನದೆಂದು ಮಾರುವುದು ಕರಾರಿಗೂ ಕಾನೂನಿಗೂ ವಿರುದ್ಧವಾಗುತ್ತದೆ. ಮಾರಾಟಕ್ಕೆ ಇಡುವ ಉಡುಪಿನ ಜಾಲರಿಯನ್ನು ಮೊದಲ ಬಿಂದುವಿನಿಂದ ತಾನೇ ಕಟ್ಟಬೇಕು.

ಸೀರೆಯ ಸವಾಲು

ಈ ಸಾಧನಗಳೆಲ್ಲ ಹುಟ್ಟಿದ್ದು ಕತ್ತರಿಸಿ ಹೊಲಿದ ಉಡುಪಿನ ನಾಡುಗಳಲ್ಲಿ. ಸೀರೆಯೋ, ಕತ್ತರಿ ಸೋಕದ, ಸೂಜಿ ಕಾಣದ ಒಂದೇ ಹಾಸು. ಐದೂವರೆ ಮೀಟರಿನ ಬಟ್ಟೆ ಸೊಂಟವನ್ನು ಸುತ್ತಿ, ನೆರಿಗೆಯಾಗಿ ಮಡಿದು, ಎದೆಯನ್ನು ಹಾದು, ಹೆಗಲ ಮೇಲೆ ಸೆರಗಾಗಿ ಇಳಿಯುವಾಗ ಬಟ್ಟೆಯ ಮೇಲೆ ಬಟ್ಟೆ ಪದರಪದರವಾಗಿ ಕೂಡುತ್ತದೆ. ಪದರ ಪದರವನ್ನು ತೂರಿ ಹೋಗದಂತೆ ಲೆಕ್ಕಮಾಡುವುದು ಯಂತ್ರಕ್ಕೆ ಅತಿ ಪ್ರಯಾಸದ ಕೆಲಸ. ಹೀಗಾಗಿ ನೆರಿಗೆಯ ಭಾಗವನ್ನು ಕೈಯಿಂದ ಜಾಲರಿಯಾಗಿ ಕಟ್ಟಿ ಸೊಂಟಕ್ಕೆ ನಿಲ್ಲಿಸಿ, ಸೆರಗನ್ನು ಮಾತ್ರ ಗಾಳಿಗೆ ಬಿಡುವುದು ಬುದ್ಧಿವಂತರ ಉಪಾಯ. ಇಳಕಲ್ಲಿನ ಸೀರೆಯಾದರೆ ಒಡಲಿನ ಚೌಕಳಿ ಬೇರೆ, ಕೆಂಪು ಸೆರಗಿನ ತೆನೆಯ ಸಾಲು ಬೇರೆ; ಅವೆರಡನ್ನೂ ಹಾಸಿನ ಮೇಲೆ ಬೇರೆಬೇರೆಯಾಗಿ ಬಿಡಿಸಿ, ಕೂಡುವಲ್ಲಿ ಎಳೆಗೆ ಎಳೆ ಹೊಂದಿಸಬೇಕು. ಮಗ್ಗದ ಮೇಲೆ ನೇಕಾರ ಕೊಂಡಿ ಹಾಕಿ ಕೂಡಿಸುವುದನ್ನು ಒಮ್ಮೆಯಾದರೂ ಕಂಡವರಿಗೆ ಮಾತ್ರ ಅದರ ಹದ ಕೈಗೆ ಬಂದೀತು. ಹೊರದೇಶದ ಎಂಥ ಕುಶಲಿಗೂ ಸುಲಭವಾಗಿ ಸಿಕ್ಕದ ಈ ತಿಳಿವು ನಮ್ಮ ಮನೆಗಳ ಬೀರುಗಳಲ್ಲಿಯೇ ಮಡಿಸಿಟ್ಟಿದೆ.

ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ, ಬೆಲೆಗಳು ಏರುತ್ತವೆ, ಒಡೆಯರು ಬದಲಾಗುತ್ತಾರೆ. ಆದರೆ ಬಟ್ಟೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ, ಯಾವ ನೂಲು ಹೇಗೆ ಬೀಳುತ್ತದೆ ಎಂದು ನೋಡಬಲ್ಲ ಕಣ್ಣು ಒಮ್ಮೆ ತೆರೆದರೆ ಮುಚ್ಚುವುದಿಲ್ಲ. ಮೊದಲ ಸಾಧನಕ್ಕೆ ಕಡಮೆ ಹಣ, ಕಣ್ಣು ಕೈಗಳ ಅಭ್ಯಾಸಕ್ಕೆ ಹೆಚ್ಚು ಕಾಲ ಎಂದು ನಿಶ್ಚಯಿಸಿಕೊಂಡು ಹೊರಟವರಿಗೆ ಈ ದಾರಿಯಲ್ಲಿ ನಷ್ಟದ ಭಯ ಅಲ್ಪ.